ಗೇರ್‌ಬಾಕ್ಸ್ ಇಳಿಸುವ ಮುನ್ನ: ಒಂದು ಆಟೋಮ್ಯಾಟಿಕ್ ಕಾರಿನ ನಡುಕದ ಪ್ರಕರಣ

ಮಳೆ ಜೋರಾಗಿದ್ದ ಜುಲೈ ತಿಂಗಳ ಒಂದು ಬೆಳಿಗ್ಗೆ ಹಾಸನದ ನಮ್ಮ ವರ್ಕ್‌ಶಾಪಿಗೆ ಸಕಲೇಶಪುರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಾರನ್ನು ತಂದರು. ಅದು 2014ರ ಮಾದರಿಯ, 1.6 ಲೀಟರ್ ಪೆಟ್ರೋಲ್ ಎಂಜಿನ್ನಿನ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆರು ಗೇರಿನ ಆಟೋಮ್ಯಾಟಿಕ್ ಸೆಡಾನ್. ಓಡಿದ್ದು 86,000 ಕಿಲೋಮೀಟರ್. ಮೇಷ್ಟ್ರ ಕೈಯಲ್ಲಿ ಬೇರೊಂದು ಊರಿನ ವರ್ಕ್‌ಶಾಪಿನವರು ಬರೆದುಕೊಟ್ಟ ಎಸ್ಟಿಮೇಟ್ ಇತ್ತು. ಟಾರ್ಕ್ ಕನ್ವರ್ಟರ್ ಬದಲಿಸಿ, ಗೇರ್‌ಬಾಕ್ಸಿನೊಳಗೆ ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿ ಬಿಚ್ಚಿ ಸರಿಪಡಿಸಲು 1,35,000 ರೂಪಾಯಿ ಆಗುತ್ತದೆಂದು ಅದರಲ್ಲಿತ್ತು. ಹೆಂಡತಿಯ ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಬಾರಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರಬೇಕಾದ ಅವರಿಗೆ ಹಣಕ್ಕಿಂತ ದೊಡ್ಡ ಚಿಂತೆ, ಘಾಟಿಯ ನಡುವೆ ಗಾಡಿ ಕೈಕೊಟ್ಟರೆ ಏನು ಗತಿ ಎಂಬುದಾಗಿತ್ತು.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಒಂದು ಕಾರಣವಿದೆ. ಆ ಎಸ್ಟಿಮೇಟ್ ಬರೆದವರು ಪರೀಕ್ಷೆ ಮಾಡದೆ ಬರೆದವರಲ್ಲ. ಅವರು ಮಾಡಿದ ಪರೀಕ್ಷೆ ಎಲ್ಲ ಕಡೆ ಬಳಕೆಯಲ್ಲಿರುವಂಥದ್ದೇ. ಅದರ ಫಲಿತಾಂಶವನ್ನೂ ಅವರು ಸರಿಯಾಗಿಯೇ ಗಮನಿಸಿದ್ದರು. ತಪ್ಪಿದ್ದು ಅದರಿಂದ ಎಳೆದ ತೀರ್ಮಾನ. ನಾವೂ ಮೊದಲ ದಿನ ಅದೇ ತೀರ್ಮಾನದ ಅಂಚಿನವರೆಗೆ ಹೋಗಿದ್ದೆವು.

ದೂರು

ಮೇಷ್ಟ್ರು ಹೇಳಿದ್ದು ಹೀಗೆ: ಗಂಟೆಗೆ 45ರಿಂದ 70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗ, ರಸ್ತೆಯಲ್ಲಿ ಸಾಲಾಗಿ ಹಾಕಿರುವ ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ ಗಾಡಿ ಎರಡು ಮೂರು ಸೆಕೆಂಡ್ ನಡುಗುತ್ತದೆ. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಗೇರ್ ಬೀಳುವಾಗ ಹಿಂದಿನಿಂದ ಯಾರೋ ನೂಕಿದಂತೆ ಜರ್ಕ್ ಬರುತ್ತದೆ. ಪಾರ್ಕಿಂಗಿನಿಂದ ಡ್ರೈವಿಗೆ ಲಿವರ್ ತಂದಾಗ ಕೆಳಗಿನಿಂದ ‘ಧಡ್’ ಎಂಬ ಸದ್ದು. ಏರಿನಲ್ಲಿ ಮೊದಲಿನಂತೆ ಎಳೆಯುವುದಿಲ್ಲ. ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 9 ದಾಟುತ್ತಿಲ್ಲ.

ಆಟೋಮ್ಯಾಟಿಕ್ ಗಾಡಿಗಳ ಕೆಲಸ ಬಲ್ಲ ಯಾರಿಗಾದರೂ ಈ ಮೊದಲ ವಾಕ್ಯ ಕೇಳಿದೊಡನೆ ಹೊಳೆಯುವುದು ಟಾರ್ಕ್ ಕನ್ವರ್ಟರಿನ ಒಳಗಿರುವ ಲಾಕಪ್ ಕ್ಲಚ್. ಕನ್ವರ್ಟರಿನಲ್ಲಿ ಸಾಮಾನ್ಯವಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯೇ ಕೊಂಡಿ. ವೇಗ ಒಂದು ಹದಕ್ಕೆ ಬಂದ ಮೇಲೆ ಇಂಧನ ಉಳಿಸಲು ಈ ಕ್ಲಚ್ ಎರಡನ್ನೂ ನೇರವಾಗಿ ಬೆಸೆಯುತ್ತದೆ. ಕ್ಲಚ್ಚಿನ ಪದರ ಸವೆದಿದ್ದರೆ, ಅಥವಾ ಎಣ್ಣೆ ತನ್ನ ಗುಣ ಕಳೆದುಕೊಂಡಿದ್ದರೆ, ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ಆಗ ಬರುವ ನಡುಕ ಮೇಷ್ಟ್ರು ವರ್ಣಿಸಿದಂತೆಯೇ ಇರುತ್ತದೆ.

ಆದರೂ ಮಾತನ್ನು ಅಲ್ಲಿಗೆ ನಿಲ್ಲಿಸದೆ ಕೇಳುತ್ತ ಹೋದೆವು. ಗಾಡಿ ತಣ್ಣಗಿದ್ದಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ? ಅದರಲ್ಲಿ ಅಂಥ ವ್ಯತ್ಯಾಸವಿಲ್ಲ ಎಂದರು. ಮತ್ತೆ ಯಾವಾಗ ಹೆಚ್ಚು? “ಮಳೆ ಹಿಡಿದ ದಿನ ಜಾಸ್ತಿ, ಅದರಲ್ಲೂ ಘಾಟಿ ಏರುವಾಗ,” ಎಂದರು. ಚೆಕ್ ಎಂಜಿನ್ ದೀಪ ಎಂದಾದರೂ ಬಂದಿತ್ತೇ ಎಂದಾಗ ಹೌದೆಂದರು. ಬರೀ ಹೊತ್ತಿಕೊಂಡಿತ್ತೇ, ಮಿಣುಕುತ್ತಿತ್ತೇ ಎಂದು ಕೇಳಿದಾಗ ಸ್ವಲ್ಪ ಯೋಚಿಸಿ, “ಮಾರನಹಳ್ಳಿ ದಾಟಿ ಮೇಲೆ ಬರುವಾಗ ಒಂದು ಸಲ ಮಿಣುಕಿತು. ಆಮೇಲೆ ಸುಮ್ಮನೆ ಉರಿಯುತ್ತಿತ್ತು. ಅವರು ಸ್ಕ್ಯಾನರ್ ಹಾಕಿ ಆರಿಸಿಕೊಟ್ಟರು,” ಎಂದರು.

ಈ ಎರಡು ಉತ್ತರಗಳು ನಮಗೆ ಯಾವ ಯಂತ್ರದ ವರದಿಗಿಂತಲೂ ಹೆಚ್ಚು ಹೇಳಿದವು. ಗೇರ್‌ಬಾಕ್ಸ್ ಮುಚ್ಚಿದ ಪೆಟ್ಟಿಗೆ. ಹೊರಗೆ ಮಳೆ ಬರುತ್ತಿದೆಯೋ ಬಿಸಿಲಿದೆಯೋ ಅದಕ್ಕೆ ತಿಳಿಯದು. ತೇವ ತಾಗುವುದು ಎಂಜಿನ್ನಿನ ಕಿಡಿಯ ವ್ಯವಸ್ಥೆಗೆ. ಇನ್ನು ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ಬಹಳ ಅಂತರವಿದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಸೈಲೆನ್ಸರ್ ಕಡೆಗೆ ಹೋಗಿ, ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವಷ್ಟು ಮಿಸ್‌ಫೈರ್ ಆದಾಗ ಅದು ಮಿಣುಕುತ್ತದೆ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ತಯಾರಾದ ಕಾರುಗಳಿಗೆ ಗಾಡಿಯೇ ತನ್ನ ದೋಷ ಪತ್ತೆಹಚ್ಚುವ ಒಬಿಡಿ ವ್ಯವಸ್ಥೆಯ ಎರಡನೇ ಹಂತ ಕಡ್ಡಾಯವಾದ್ದರಿಂದ ಈ ಗಾಡಿಯಲ್ಲಿ ಮಿಸ್‌ಫೈರನ್ನು ಎಣಿಸುವ ಏರ್ಪಾಡು ಇದ್ದೇ ಇತ್ತು. ಆ ಕ್ಷಣದ ವೇಗ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಲೋಡ್, ತಾಪಮಾನ ಎಲ್ಲವೂ ದೋಷದ ಕೋಡಿನ ಜೊತೆಗೆ ದಾಖಲಾಗಿದ್ದಿರಬೇಕು. ದೀಪ ಆರಿಸುವ ಆತುರದಲ್ಲಿ ಅಷ್ಟೂ ಅಳಿಸಿಹೋಗಿತ್ತು. ಕೋಡನ್ನು ಬರೆದಿಟ್ಟುಕೊಳ್ಳದೆ, ಫೋಟೋ ಸಹ ತೆಗೆಯದೆ ಅಳಿಸುವ ಅಭ್ಯಾಸವನ್ನು ನಮ್ಮ ವೃತ್ತಿಯವರು ಬಿಡಲೇಬೇಕು.

ರಸ್ತೆಯ ಮೇಲೆ

ಮೊದಲು ಗೇರ್‌ಬಾಕ್ಸಿನ ಎಣ್ಣೆ ನೋಡಿದೆವು. ಈ ಮಾದರಿಯಲ್ಲಿ ಡಿಪ್‌ಸ್ಟಿಕ್ ಇಲ್ಲ. ಎಣ್ಣೆ ತಯಾರಕರು ಹೇಳಿದ ತಾಪಮಾನಕ್ಕೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ ಬದಿಯ ಬೋಲ್ಟ್ ಬಿಚ್ಚಿ ಮಟ್ಟ ನೋಡಬೇಕು. ಮಟ್ಟ ಸರಿಯಾಗಿತ್ತು. ಬಿಳಿ ಕಾಗದದ ಮೇಲೆ ನಾಲ್ಕು ಹನಿ ಬಿಟ್ಟು ನೋಡಿದರೆ ಬಣ್ಣ ಕಂದಾಗಿತ್ತೇ ಹೊರತು ಸುಟ್ಟ ವಾಸನೆ ಇರಲಿಲ್ಲ, ಬೆಳಕಿಗೆ ಹಿಡಿದಾಗ ಲೋಹದ ಮಿನುಗು ಕಾಣಲಿಲ್ಲ. 86,000 ಕಿಲೋಮೀಟರಿನಲ್ಲಿ ಒಮ್ಮೆಯೂ ಬದಲಿಸದ ಎಣ್ಣೆಗೆ ಇದು ಕೆಟ್ಟ ಸ್ಥಿತಿಯೇನಲ್ಲ. ಬದಲಿಸಬೇಕಾದದ್ದು ನಿಜ, ಆದರೆ ಆ ಹೊತ್ತಿಗೆ ಬದಲಿಸಲಿಲ್ಲ. ಒಂದೇ ಸಲ ಎರಡು ಕೆಲಸ ಮಾಡಿದರೆ ಗುಣ ಕಂಡದ್ದು ಯಾವುದರಿಂದ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಬಳಿಕ ಸ್ಕ್ಯಾನರ್ ಜೋಡಿಸಿ, ಒಬ್ಬರು ಓಡಿಸುತ್ತ ಇನ್ನೊಬ್ಬರು ಪರದೆ ನೋಡುತ್ತ ಸಕಲೇಶಪುರದ ರಸ್ತೆ ಹಿಡಿದೆವು. ಓಡಿಸುವವನೇ ಪರದೆ ನೋಡಬಾರದು. ಅದು ಅಪಾಯ ಮಾತ್ರವಲ್ಲ, ನಡುಕ ಬಂದ ಕ್ಷಣವೂ ಅಂಕಿ ಬದಲಾದ ಕ್ಷಣವೂ ಒಂದೇ ಹೌದೋ ಅಲ್ಲವೋ ಎಂದು ಗುರುತಿಸಲಾಗುವುದಿಲ್ಲ. ನಮಗೆ ಬೇಕಾಗಿದ್ದದ್ದು ನಾಲ್ಕೇ ಅಂಕಿ: ಎಂಜಿನ್ನಿನ ಆರ್‌ಪಿಎಂ, ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ಆರ್‌ಪಿಎಂ, ಲಾಕಪ್ ಕ್ಲಚ್ಚಿಗೆ ಹೋಗುತ್ತಿರುವ ಆದೇಶ, ಮತ್ತು ಪ್ರತಿ ಸಿಲಿಂಡರಿನ ಮಿಸ್‌ಫೈರ್ ಲೆಕ್ಕ.

ಐದನೇ ಗೇರಿನಲ್ಲಿ 60ರ ವೇಗಕ್ಕೆ ಬಂದಾಗ ನಡುಕ ಶುರುವಾಯಿತು. ಆಗ ನಾವು ಮಾಡಿದ್ದು, ಹಿಂದಿನವರೂ ಮಾಡಿದ್ದ ಪರೀಕ್ಷೆ. ಆಕ್ಸಿಲರೇಟರ್ ಅಲುಗಿಸದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಮುಟ್ಟಿದರೆ ಲಾಕಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಗ ನಡುಕ ನಿಂತರೆ ಕ್ಲಚ್ಚಿನದೇ ದೋಷ ಎಂಬುದು ರೂಢಿಯ ಲೆಕ್ಕ. ಮುಟ್ಟಿದೊಡನೆ ಆರ್‌ಪಿಎಂ ಸುಮಾರು 250ರಷ್ಟು ಏರಿತು, ನಡುಕ ಮುಕ್ಕಾಲು ಪಾಲು ಇಳಿಯಿತು. ಪರದೆ ಇಲ್ಲದಿದ್ದರೆ ನಾವು ಅಲ್ಲಿಂದಲೇ ಗಾಡಿ ತಿರುಗಿಸಿ ಬಂದು, ಟಾರ್ಕ್ ಕನ್ವರ್ಟರ್ ಹೋಗಿದೆ ಎಂದು ಮೇಷ್ಟ್ರಿಗೆ ಹೇಳುತ್ತಿದ್ದೆವು.

ಪರದೆ ಬೇರೆ ಮಾತು ಹೇಳುತ್ತಿತ್ತು. ನಡುಕ ಇದ್ದ ಅಷ್ಟೂ ಹೊತ್ತು ಎಂಜಿನ್ ಮತ್ತು ಒಳಶಾಫ್ಟ್ ಎರಡೂ 1,650ರ ಆಸುಪಾಸಿನಲ್ಲಿ ಒಟ್ಟಿಗೇ ತಿರುಗುತ್ತಿದ್ದವು. ಅಂತರ 15 ಆರ್‌ಪಿಎಂ ಮೀರಲಿಲ್ಲ. ಕ್ಲಚ್ ಹಿಡಿದು ಬಿಟ್ಟು ಮಾಡುತ್ತಿದ್ದರೆ ಈ ಅಂತರ ಏರಿಳಿಯಬೇಕಿತ್ತು. ಅದೇ ಹೊತ್ತಿನಲ್ಲಿ ಎರಡನೇ ಸಿಲಿಂಡರಿನ ಮಿಸ್‌ಫೈರ್ ಲೆಕ್ಕ ಮೇಲೇರುತ್ತಿತ್ತು. ಒಂದು ಸಣ್ಣ ಏರು ಮುಗಿಯುವಷ್ಟರಲ್ಲಿ ಅದು 47 ತಲುಪಿತ್ತು. ಒಂದು, ಮೂರು, ನಾಲ್ಕನೇ ಸಿಲಿಂಡರುಗಳಲ್ಲಿ ಸೊನ್ನೆ.

ಹಾಗಾದರೆ ಬ್ರೇಕ್ ಮುಟ್ಟಿದಾಗ ನಡುಕ ಏಕೆ ಇಳಿಯಿತು? ಪ್ರಕರಣದ ತಿರುಳು ಇಲ್ಲಿದೆ. ಲಾಕಪ್ ಬಿಗಿಯಾಗಿದ್ದಾಗ ಎಂಜಿನ್ನಿನ ಒಂದೊಂದು ಏಟೂ ನೇರವಾಗಿ ಚಕ್ರಕ್ಕೆ ಹೋಗುತ್ತದೆ, ಆದ್ದರಿಂದ ತಪ್ಪಿದ ಏಟೂ ನೇರವಾಗಿ ಸೀಟಿಗೆ ಬರುತ್ತದೆ. ಲಾಕಪ್ ಬಿಟ್ಟಾಗ ನಡುವೆ ಎಣ್ಣೆ ಬಂದು ಆ ಏರುಪೇರನ್ನು ನುಂಗಿಕೊಳ್ಳುತ್ತದೆ. ಇದರ ಜೊತೆಗೆ, ಆಕ್ಸಿಲರೇಟರ್ ಅಷ್ಟೇ ಇದ್ದು ಆರ್‌ಪಿಎಂ ಏರಿದರೆ ಪ್ರತಿ ಸಿಲಿಂಡರಿಗೆ ಸಿಗುವ ಗಾಳಿ ಕಡಿಮೆಯಾಗಿ ಒಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಕಿಡಿ ಹಾರುವುದು ಸುಲಭ, ಹಾಗಾಗಿ ಮಿಸ್‌ಫೈರ್ ಕೂಡ ನಿಜವಾಗಿಯೇ ಕಡಿಮೆಯಾಗುತ್ತದೆ. ಎರಡೂ ಸೇರಿ, ಎಂಜಿನ್ನಿನ ದೋಷವು ಕ್ಲಚ್ಚಿನ ದೋಷದ ವೇಷ ಹಾಕಿಕೊಂಡು ಬರುತ್ತದೆ. ಕೈಗೂ ಮೈಗೂ ಇದರ ಭೇದ ತಿಳಿಯದು: 1,650 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಸರದಿ ಸೆಕೆಂಡಿಗೆ ಸುಮಾರು 14 ಬಾರಿ ಬರುತ್ತದೆ, ಹಿಡಿದು ಬಿಡುವ ಕ್ಲಚ್ಚಿನ ನಡುಕವೂ ಮೈಗೆ ಅಷ್ಟೇ ಚುರುಕಾಗಿ ತಾಗುತ್ತದೆ.

ಖಚಿತಪಡಿಸಿಕೊಳ್ಳಲು ಇನ್ನೊಂದು ಬಗೆಯಲ್ಲಿ ಓಡಿಸಿದೆವು. ಮ್ಯಾನುವಲ್ ಮೋಡಿಗೆ ಹಾಕಿ, ಮೂರನೇ ಗೇರಿನಲ್ಲಿ 40ರ ವೇಗದಲ್ಲಿ, ಲಾಕಪ್ ಆದೇಶ ಸೊನ್ನೆ ಇರುವುದನ್ನು ಪರದೆಯಲ್ಲಿ ನೋಡಿಕೊಂಡು, ಏರಿನಲ್ಲಿ ಆಕ್ಸಿಲರೇಟರನ್ನು ಅರ್ಧದವರೆಗೆ ಒತ್ತಿದೆವು. ಲಾಕಪ್ ಕ್ಲಚ್ ಪೂರ್ತಿ ಬಿಟ್ಟಿದ್ದರೂ ಗಾಡಿ ನಡುಗಿತು, ಎರಡನೇ ಸಿಲಿಂಡರಿನ ಲೆಕ್ಕ ಮತ್ತೆ ಏರಿತು. ಕೆಲಸದಲ್ಲೇ ಇಲ್ಲದ ಕ್ಲಚ್ ನಡುಕ ತರಲಾರದು. ವಾಪಸು ಬರುವಷ್ಟರಲ್ಲಿ ಪಿ0302 ಎಂಬ ಕೋಡ್, ದೀಪ ಹೊತ್ತಿಸುವ ಮಟ್ಟಕ್ಕೆ ಇನ್ನೂ ಬಾರದಿದ್ದರೂ, ಬಾಕಿ ಕೋಡುಗಳ ಪಟ್ಟಿಯಲ್ಲಿ ಕೂತಿತ್ತು. ಅದು ಎರಡನೇ ಸಿಲಿಂಡರಿನ ಮಿಸ್‌ಫೈರ್.

ವರ್ಕ್‌ಶಾಪಿನಲ್ಲಿ ಸ್ಟಾಲ್ ಟೆಸ್ಟ್ ಒಮ್ಮೆ ಮಾತ್ರ ಮಾಡಿದೆವು: ಗಾಲಿಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಹಿಡಿದು, ಗಾಡಿಯ ಮುಂದೆ ಯಾರನ್ನೂ ನಿಲ್ಲಗೊಡದೆ, ಡ್ರೈವ್‌ನಲ್ಲಿ ಐದು ಸೆಕೆಂಡಿಗಿಂತ ಕಡಿಮೆ ಹೊತ್ತು ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಏರುತ್ತದೆ ಎಂದು ನೋಡುವುದು. ಕೈಪಿಡಿಯ ಪ್ರಕಾರ 2,100ರಿಂದ 2,500 ಬರಬೇಕಾದಲ್ಲಿ 1,850 ಬಂತು. ಗೇರ್‌ಬಾಕ್ಸಿನೊಳಗಿನ ಕ್ಲಚ್ಚುಗಳು ಜಾರುತ್ತಿದ್ದರೆ ಈ ಅಂಕಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಬಂದರೆ ಎಂಜಿನ್ ಬಲಗುಂದಿದೆ, ಇಲ್ಲವೇ ಟಾರ್ಕ್ ಕನ್ವರ್ಟರಿನೊಳಗೆ ಎಣ್ಣೆಯ ದಿಕ್ಕು ತಿರುಗಿಸುವ ಸ್ಟೇಟರ್ ಕೆಟ್ಟಿದೆ. ಉಳಿದ ಸಾಕ್ಷ್ಯವೆಲ್ಲ ಎಂಜಿನ್ನಿನತ್ತ ಬೊಟ್ಟು ಮಾಡುತ್ತಿದ್ದುದರಿಂದ ಸ್ಟೇಟರಿನ ಅನುಮಾನವನ್ನು ಬದಿಗಿಟ್ಟು, ರಿಪೇರಿಯಾದ ಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡುವುದೆಂದು ಬರೆದಿಟ್ಟುಕೊಂಡೆವು. ಕೆಲವು ತಯಾರಕರು ಈ ಪರೀಕ್ಷೆಯನ್ನೇ ಬೇಡವೆನ್ನುತ್ತಾರೆ. ಕೈಪಿಡಿ ನೋಡದೆ ಇದಕ್ಕೆ ಕೈಹಾಕಬಾರದು.

ಎರಡನೇ ಸಿಲಿಂಡರ್

ಎಂಜಿನ್ ಕವರ್ ತೆಗೆದು ಎರಡನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆತ್ತಿದಾಗ ಅದರ ರಬ್ಬರ್ ಬೂಟಿನ ತುದಿಯಿಂದ ಎಂಜಿನ್ ಆಯಿಲ್ ತೊಟ್ಟಿಕ್ಕಿತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಇರುವ ಕೊಳವೆಯ ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ ನಿಂತಿತ್ತು. ಬೂಟಿನ ರಬ್ಬರ್ ಊದಿಕೊಂಡು ಮೆತ್ತಗಾಗಿತ್ತು. ಅದನ್ನು ಬಗ್ಗಿಸಿ ಒಳಭಾಗ ನೋಡಿದಾಗ ಬೂದು ಬಣ್ಣದ ಒಂದು ಗೆರೆ ಮೇಲಿನಿಂದ ಕೆಳಗೆ ಓಡಿತ್ತು. ಎಣ್ಣೆ ಹೀರಿ ತೆಗೆದು ಪ್ಲಗ್ ಬಿಚ್ಚಿದರೆ, ಬಿಳಿ ಪಿಂಗಾಣಿಯ ಮೇಲೆ, ಬೂಟಿನ ಗೆರೆಗೆ ಸರಿಯಾಗಿ, ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೀಟು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಪ್ಲಗ್ಗಿನ ಗ್ಯಾಪ್ 1.1 ಮಿಲಿಮೀಟರ್ ಇರಬೇಕಾದದ್ದು ಸವೆದು 1.4 ಆಗಿತ್ತು.

ಕಿಡಿ ಹಾರಬೇಕಾದ ದಾರಿ ಪ್ಲಗ್ಗಿನ ತುದಿಯಲ್ಲಿದೆ. ಎಂಜಿನ್ ಸುಮ್ಮನೆ ನಿಂತು ಓಡುವಾಗ ಸಿಲಿಂಡರಿನ ಒತ್ತಡ ಕಡಿಮೆ, ಹಾಗಾಗಿ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಗ್ಯಾಪ್ ದಾಟುತ್ತದೆ. ಏರಿನಲ್ಲಿ ಒತ್ತಡ ಹೆಚ್ಚಿದಂತೆ ಅದೇ ಗ್ಯಾಪ್ ದಾಟಲು ಎರಡು ಪಟ್ಟು ವೋಲ್ಟೇಜ್ ಬೇಕಾಗಬಹುದು. ಅಷ್ಟರಲ್ಲಿ ಹೊರಗಿನ ಪಿಂಗಾಣಿಯ ಮೇಲಿನ ಕಪ್ಪು ಗೀಟು ಅದಕ್ಕಿಂತ ಸುಲಭದ ದಾರಿಯಾಗಿ ಸಿಗುತ್ತದೆ. ಕಿಡಿ ಸಿಲಿಂಡರಿನೊಳಗೆ ಹೋಗದೆ ಹೊರಗಿನಿಂದಲೇ ಪ್ಲಗ್ಗಿನ ಲೋಹಕ್ಕೆ ಇಳಿದುಬಿಡುತ್ತದೆ. ಗಾಳಿಯಲ್ಲಿ ತೇವವಿದ್ದರೆ ಆ ದಾರಿ ಇನ್ನೂ ಸುಲಭ. ಮಳೆಯ ದಿನ, ಘಾಟಿಯ ಏರಿನಲ್ಲಿ ಎಂದು ಮೇಷ್ಟ್ರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಕಣ್ಣಿಗೆ ಕಂಡರೂ ಸಾಬೀತು ಬೇಕು. ಆ ಕಾಯಿಲನ್ನು ನಾಲ್ಕನೇ ಸಿಲಿಂಡರಿಗೆ, ನಾಲ್ಕನೆಯದನ್ನು ಇಲ್ಲಿಗೆ ಹಾಕಿ ಅದೇ ಏರಿಗೆ ಹೋದೆವು. ನಾಲ್ಕನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಕಾಣಿಸಿಕೊಂಡಿತು; ಎರಡನೆಯದರಲ್ಲಿ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಬೂಟ್ ಕೆಟ್ಟಿತ್ತು, ಗೀಟು ಬಿದ್ದ ಪ್ಲಗ್ಗೂ ಕೆಟ್ಟಿತ್ತು. ಒಂದನ್ನು ಮಾತ್ರ ಬದಲಿಸಿದ್ದರೆ ಹಳೆಯದು ಹೊಸದರ ಮೇಲೆ ಮತ್ತೆ ಗೀಟು ಎಳೆಯುತ್ತಿತ್ತು, ಎರಡು ತಿಂಗಳಿಗೆ ಗಾಡಿ ವಾಪಸು ಬರುತ್ತಿತ್ತು. ಆದ್ದರಿಂದ ನಾಲ್ಕೂ ಪ್ಲಗ್, ನಾಲ್ಕೂ ಬೂಟ್, ಎರಡನೆಯದರ ಕಾಯಿಲ್ ಬದಲಿಸಿದೆವು.

ಕೊಳವೆಗೆ ಎಣ್ಣೆ ಬಂದದ್ದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. ಟ್ಯಾಪೆಟ್ ಕವರಿನ ಅಡಿಯಲ್ಲಿ ಪ್ಲಗ್ ಕೊಳವೆಗಳ ಸುತ್ತ ಇರುವ ಸೀಲುಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಕವರ್ ಪ್ಯಾಕಿಂಗ್ ಸಮೇತ ಎಲ್ಲ ಸೀಲುಗಳನ್ನೂ ಬದಲಿಸುವಾಗ ಪಿಸಿವಿ ವಾಲ್ವನ್ನು ಬಿಚ್ಚಿ ಕಿವಿಯ ಹತ್ತಿರ ಅಲುಗಿಸಿ ನೋಡಿದೆವು. ಸರಿಯಿದ್ದರೆ ಒಳಗಿನ ಗುಂಡು ಟಕಟಕ ಎನ್ನಬೇಕು. ಇದು ಜಿಡ್ಡು ಹಿಡಿದು ಮೂಕವಾಗಿತ್ತು. ಎಂಜಿನ್ನಿನೊಳಗಿನ ಆವಿ ಹೊರಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಕೂಡಿ, ಎಣ್ಣೆ ಸೀಲುಗಳ ಸಂದಿಯಿಂದ ಹೊರಬರುತ್ತದೆ. ಕೆಲವೇ ನೂರು ರೂಪಾಯಿಯ ಈ ವಾಲ್ವನ್ನು ಬಿಟ್ಟು ಸೀಲು ಮಾತ್ರ ಹಾಕಿದ್ದರೆ ಅವೂ ಹೆಚ್ಚು ಕಾಲ ತಡೆಯುತ್ತಿರಲಿಲ್ಲ.

ಅದೇ ಏರಿನಲ್ಲಿ ಮತ್ತೆ ಓಡಿಸಿದಾಗ ನಾಲ್ಕೂ ಸಿಲಿಂಡರುಗಳ ಲೆಕ್ಕ ಸೊನ್ನೆ, ನಡುಕವಿಲ್ಲ. ಸ್ಟಾಲ್ ಟೆಸ್ಟ್ 2,300 ತೋರಿಸಿತು. ಸ್ಟೇಟರಿನ ಮೇಲಿದ್ದ ಅನುಮಾನ ಅಲ್ಲಿಗೆ ಮುಗಿಯಿತು. ಉರಿಯದ ಪೆಟ್ರೋಲ್ ಇಷ್ಟು ದಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿದ್ದರಿಂದ ಅದು ಕಟ್ಟಿಕೊಂಡಿದೆಯೇ ಎಂದು ಒತ್ತಡ ಅಳೆದೆವು. 2,500 ಆರ್‌ಪಿಎಂನಲ್ಲೂ 3 ಪಿಎಸ್‌ಐಗಿಂತ ಕೆಳಗೇ ಇತ್ತು.

ಉಳಿದ ಏಟು

ನಡುಕ ಹೋದರೂ ಗೇರ್ ಬೀಳುವಾಗಿನ ಜರ್ಕ್ ಹೋಗಿರಲಿಲ್ಲ. ಮೇಷ್ಟ್ರಿಗೆ ಫೋನಿನಲ್ಲಿ, “ಅರ್ಧ ಕೆಲಸ ಆಗಿದೆ ಸಾರ್, ಇನ್ನೆರಡು ದಿನ ಗಾಡಿ ಇರಲಿ,” ಎಂದೆವು. ಅವರು ಒಪ್ಪಿದರು.

ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಎಂಜಿನ್ ಎಷ್ಟು ಬಲ ಕೊಡುತ್ತಿದೆ ಎಂಬುದು ಎಂಜಿನ್ ಕಂಪ್ಯೂಟರ್ ಹೇಳಿದರಷ್ಟೇ ತಿಳಿಯುತ್ತದೆ. ಆ ಲೆಕ್ಕ ನಿಂತಿರುವುದು ಮುಖ್ಯವಾಗಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ. ಆ ಬಲಕ್ಕೆ ತಕ್ಕಂತೆ ಗೇರ್ ಬದಲಿಸುವ ಎಣ್ಣೆಯ ಒತ್ತಡ ನಿಗದಿಯಾಗುತ್ತದೆ. ಇಲ್ಲಿ ಇಂಧನದ ದೀರ್ಘಾವಧಿ ತಿದ್ದುಪಡಿ, ಅಂದರೆ ಎಂಜಿನ್ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಹೆಚ್ಚಾಗಿ ಸೇರಿಸುತ್ತಿದ್ದ ಪೆಟ್ರೋಲ್, ನಿಂತ ಗಾಡಿಯಲ್ಲಿ 4 ಶೇಕಡಾ ಇದ್ದದ್ದು, 60ರ ವೇಗದಲ್ಲಿ 13 ಶೇಕಡಾ ಇತ್ತು. ಮಿಸ್‌ಫೈರ್ ಹೋದ ಮೇಲೂ 9 ಉಳಿದಿತ್ತು. ಸೆನ್ಸರ್ ಅಳೆಯದ ಕಳ್ಳಗಾಳಿ ಎಲ್ಲೋ ನುಗ್ಗುತ್ತಿದ್ದರೆ ತಿದ್ದುಪಡಿ ನಿಂತಾಗ ಹೆಚ್ಚು, ಓಡುವಾಗ ಕಡಿಮೆ ಇರುತ್ತದೆ. ಇಲ್ಲಿ ತಿರುಗುಮುರುಗು. ಅಂದರೆ ಸೆನ್ಸರ್ ಬಂದ ಗಾಳಿಗಿಂತ ಕಡಿಮೆ ಹೇಳುತ್ತಿದೆ. ಏರ್ ಫಿಲ್ಟರ್ ಪೆಟ್ಟಿಗೆಯ ಒಂದು ಕ್ಲಿಪ್ ಮುರಿದು, ಸಂದಿಯಿಂದ ಧೂಳು ಹೋಗಿ ಸೆನ್ಸರಿನ ತಂತಿಗೆ ಮೆತ್ತಿತ್ತು. ಅದಕ್ಕೆಂದೇ ಇರುವ ಸ್ಪ್ರೇಯಿಂದ ತೊಳೆದು, ಪೆಟ್ಟಿಗೆ ಸರಿಪಡಿಸಿದ ಮೇಲೆ ತಿದ್ದುಪಡಿ 2 ಶೇಕಡಾಕ್ಕೆ ಇಳಿಯಿತು.

ಆದರೆ ಜರ್ಕ್ ಕಡಿಮೆಯಾಗುವ ಬದಲು ತುಸು ಹೆಚ್ಚಾಯಿತು. ಅರೆಕ್ಷಣ ನಮಗೂ ಗಾಬರಿಯಾಯಿತು. ಕೂತು ಯೋಚಿಸಿದಾಗ ನಾವು ಕಂಡುಕೊಂಡ ಕಾರಣ ಇದು: ಬಲ ಕಡಿಮೆ ಎಂಬ ಸುಳ್ಳು ಲೆಕ್ಕ ನಂಬಿ ಕಡಿಮೆ ಒತ್ತಡ ಕೊಟ್ಟಾಗ ಗೇರ್ ಬೀಳಲು ತಡವಾಗುತ್ತಿತ್ತು, ಆ ತಡವನ್ನು ಗಮನಿಸಿದ ಗೇರ್‌ಬಾಕ್ಸ್ ಕಂಪ್ಯೂಟರ್ ತಿಂಗಳುಗಟ್ಟಲೆ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ರೂಢಿಯಾಗಿತ್ತು. ಈಗ ಲೆಕ್ಕ ನಿಜವಾದರೂ ಆ ರೂಢಿ ಹಾಗೇ ಉಳಿದಿತ್ತು. ಇಲ್ಲಿಗೆ ಬಂದ ಮೇಲಷ್ಟೇ ಎಣ್ಣೆಗೆ ಕೈಹಾಕಿದೆವು. ಒಮ್ಮೆ ಇಳಿಸಿದರೆ ಅರ್ಧದಷ್ಟೇ ಹೊರಬರುವುದರಿಂದ, ಯಂತ್ರದಿಂದ ರಭಸವಾಗಿ ತೊಳೆಯದೆ, ನಡುವೆ ಓಡಿಸುತ್ತ ಮೂರು ಬಾರಿ ಇಳಿಸಿ ತುಂಬಿದೆವು. ತಯಾರಕರು ಹೆಸರಿಸಿದ ದರ್ಜೆಯದೇ ಎಣ್ಣೆ ಹಾಕಿದೆವು. ಈ ಎಣ್ಣೆ ಗಾಡಿಯ ಆಯುಷ್ಯದಷ್ಟು ಬಾಳುತ್ತದೆಂಬ ಮಾತನ್ನು ನಮ್ಮ ಘಾಟಿ, ನಮ್ಮ ಸೆಕೆಯಲ್ಲಿ ನಾನು ಒಪ್ಪುವುದಿಲ್ಲ. ನಮ್ಮಲ್ಲಿ 60,000 ಕಿಲೋಮೀಟರಿಗೆ ಬದಲಿಸುತ್ತೇವೆ. ಬಳಿಕ ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿತಿದ್ದ ಮೌಲ್ಯಗಳನ್ನು ಸ್ಕ್ಯಾನರಿನಿಂದ ಅಳಿಸಿ, ಎಣ್ಣೆ ಬಿಸಿಯಾದ ಮೇಲೆ, ನಿಂತಲ್ಲಿಂದ ಹಗುರವಾಗಿ ಹೊರಟು ಎಲ್ಲ ಗೇರುಗಳನ್ನೂ ದಾಟಿ ಮೆಲ್ಲನೆ ನಿಲ್ಲಿಸುವುದನ್ನು ಹತ್ತಾರು ಬಾರಿ ಮಾಡಿ ಹೊಸದಾಗಿ ಕಲಿಸಿದೆವು. ಜರ್ಕ್ ಹೋಯಿತು.

‘ಧಡ್’ ಎಂಬ ಸದ್ದು ಮಾತ್ರ ಬೇರೆಯದೇ ಕಥೆ. ಬಾನೆಟ್ ತೆರೆದು, ಬ್ರೇಕ್ ಒತ್ತಿಹಿಡಿದು ಡ್ರೈವ್ ಮತ್ತು ರಿವರ್ಸ್ ನಡುವೆ ಲಿವರ್ ಆಡಿಸಿದಾಗ ಎಂಜಿನ್ ಹಿಂದಕ್ಕೂ ಮುಂದಕ್ಕೂ ವಾಲುವುದು ಕಾಣುತ್ತಿತ್ತು. ಎಂಜಿನ್ನನ್ನು ಹಿಡಿದಿಡುವ ಕೆಳಗಿನ ಮೌಂಟಿಂಗಿನ ರಬ್ಬರ್ ಹರಿದುಹೋಗಿತ್ತು. ಬದಲಿಸಿದ ಮೇಲೆ ಸದ್ದಿಲ್ಲ.

ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಳೆಯಲ್ಲೇ ಗುಂಡ್ಯದವರೆಗೆ ಇಳಿದು, ದೋಣಿಗಲ್‌ವರೆಗೆ ಏರಿ ಬಂದೆವು. ಬರುವಾಗ ಅವರೇ ಓಡಿಸಿದರು. ಬಿಡಿಭಾಗ, ಎಣ್ಣೆ, ಕೂಲಿ ಸೇರಿ ಬಿಲ್ಲು 26,400 ರೂಪಾಯಿ ಆಯಿತು. ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಎಣ್ಣೆಯ ಕೆಲಸಕ್ಕಲ್ಲದೆ ಬಿಚ್ಚಲಿಲ್ಲ.

ದೀಪಾವಳಿ ಕಳೆದು 4,000 ಕಿಲೋಮೀಟರ್ ಓಡಿದ ಮೇಲೆ ಗಾಡಿಯನ್ನು ಮತ್ತೆ ತರಿಸಿಕೊಂಡೆವು. ಎರಡನೇ ಕಾಯಿಲ್ ಎತ್ತಿ, ಕೊಳವೆಯ ತಳಕ್ಕೆ ಕಡ್ಡಿಗೆ ಸುತ್ತಿದ ಬಿಳಿ ಬಟ್ಟೆ ಇಳಿಸಿ ತೆಗೆದರೆ ಒಣಗಿಯೇ ಬಂತು. ಮೈಲೇಜ್ 12ರ ಹತ್ತಿರಕ್ಕೆ ಮರಳಿದೆ. ಚಳಿಯ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಎರಡರಿಂದ ಮೂರಕ್ಕೆ ಗೇರ್ ಬೀಳುವುದು ಇನ್ನೂ ತುಸು ತಡವಾಗುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಆ ಗೇರಿಗೆ ತಗಲುವ ಸಮಯವನ್ನು ಸ್ಕ್ಯಾನರಿನಲ್ಲಿ ಅಳೆದು ಗಾಡಿಯ ಫೈಲಿನಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ಸರ್ವಿಸಿಗೆ ಬಂದಾಗ ಮತ್ತೆ ಅಳೆದು, ಅಂಕಿ ಬೆಳೆದಿದ್ದರೆ ಮಾತ್ರ ವಾಲ್ವ್ ಬಾಡಿ ನೋಡುವುದೆಂದು ಮೇಷ್ಟ್ರಿಗೆ ಹೇಳಿ ಕಳಿಸಿದೆವು.